ಕಡಲಿನ ಹರಿವು ಮತ್ತು ಧ್ರುವಪ್ರದೇಶದ ಜೀವಿಗಳು

ಪಾಪಿನಾಯಕನಹಳ್ಳಿಯಿಂದ ಕಡಲಿಗೆ ಹತ್ತಿರದ ದಾರಿ ಹಿಡಿದರೂ ಸುಮಾರು 250 ಕಿಲೋಮೀಟರು ಉಂಟು. ಭೂಮಿಯ ದಕ್ಷಿಣ ತುದಿಯ ಹಿಮದ ಕಡಲಂತೂ ಎಣಿಕೆಗೇ ಬಾರದಷ್ಟು ದೂರ. ಹೀಗಿರುವಾಗ ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಕುಳಿತು ಧ್ರುವಸಮುದ್ರದ ಹುಳುಹುಪ್ಪಟೆಗಳ ಮಾತು ಏಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಮೊದಲ ಉತ್ತರ ನಮ್ಮ ಕಣ್ಣೆದುರಿಗೇ ಇದೆ. ಸಂಡೂರು ಗುಡ್ಡಗಳ ಕಬ್ಬಿಣದ ಕಲ್ಲು 250 ಕೋಟಿ ವರ್ಷಗಳಿಗೂ ಹಿಂದೆ ಕಡಲಿನ ತಳದಲ್ಲಿ ಪದರ ಪದರವಾಗಿ ಕುಳಿತದ್ದು. ಎರಡನೆಯ ಉತ್ತರವನ್ನು ಈ ಭಾಷಣದ ಕೊನೆಯ ಭಾಗದಲ್ಲಿ ಹೇಳುತ್ತೇನೆ. ಅದು ಅದೇ ಕಲ್ಲನ್ನು ಹೊತ್ತೊಯ್ಯುವ ಹಡಗುಗಳಿಗೆ ಸಂಬಂಧಿಸಿದ್ದು.

ಕಡಲೆಂದರೆ ನಿಂತ ನೀರೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅಲೆ ಬರುತ್ತದೆ, ಹೋಗುತ್ತದೆ, ನೀರು ಮಾತ್ರ ಇದ್ದಲ್ಲೇ ಇರುತ್ತದೆ ಎಂಬ ಭಾವನೆ. ಇದು ಸರಿಯಲ್ಲ. ಕಡಲಿನ ಒಳಗೂ ಹೊಳೆಗಳುಂಟು. ಗಾಳಿಯ ಒತ್ತಡ, ನೀರಿನ ಬಿಸಿ ಮತ್ತು ಉಪ್ಪುಗಳ ಏರಿಳಿತ, ಭೂಮಿ ತನ್ನ ಸುತ್ತ ತಾನು ತಿರುಗುವ ತಿರುಗಾಟ, ಇವೆಲ್ಲ ಸೇರಿ ಕಡಲಿನ ನೀರನ್ನು ಗೊತ್ತಾದ ದಿಕ್ಕುಗಳಲ್ಲಿ ನಡೆಸುತ್ತವೆ. ಈ ಹೊಳೆಗಳಿಗೆ ದಡವಿಲ್ಲ. ಆದರೆ ದಾರಿಯುಂಟು, ವೇಗವುಂಟು, ಹೊರುವ ಶಕ್ತಿಯುಂಟು.

ಅವು ಹೊರುವುದು ಏನನ್ನು? ಇಲ್ಲಿ ಬೆನ್ನೆಲುಬಿಲ್ಲದ ಜೀವಿಗಳ ವಿಚಾರ ಬರುತ್ತದೆ. ನಕ್ಷತ್ರಮೀನು, ಏಡಿ, ಸೀಗಡಿ, ಸ್ಪಂಜು, ಹವಳ, ಕರಾವಳಿಯವರು ನೀಲಿಕಲ್ಲು ಅಥವಾ ಪಚ್ಚಿಲೆ ಎಂದು ಕರೆಯುವ ಚಿಪ್ಪುಜೀವಿ, ಮೈಯೆಲ್ಲ ಮುಳ್ಳಾಗಿರುವ ಸಮುದ್ರದ ಅರ್ಚಿನ್, ಇವೆಲ್ಲ ಆ ಬಳಗಕ್ಕೆ ಸೇರಿದವು. ಕಡಲಿನ ಪ್ರಾಣಿಜಾತಿಗಳಲ್ಲಿ ಬಹುಪಾಲು ಇವೇ. ಇವುಗಳಲ್ಲಿ ಅನೇಕವು ಬೆಳೆದ ಮೇಲೆ ಕಲ್ಲಿಗೆ ಅಂಟಿಕೊಂಡೋ ತಳದಲ್ಲಿ ತೆವಳಿಕೊಂಡೋ ಬಾಳುತ್ತವೆ. ಊರು ಬಿಟ್ಟು ಊರಿಗೆ ಹೋಗುವ ಸಾಮರ್ಥ್ಯ ಅವಕ್ಕಿಲ್ಲ. ಆದರೂ ಒಂದೇ ಜಾತಿಯ ನಕ್ಷತ್ರಮೀನು ಸಾವಿರಾರು ಕಿಲೋಮೀಟರು ಅಂತರದ ಎರಡು ತೀರಗಳಲ್ಲಿ ಸಿಕ್ಕುವುದುಂಟು. ಅಲ್ಲಿಗೆ ಅದು ಹೋದದ್ದು ಹೇಗೆ?

ಹೋದದ್ದು ಶೈಶವದಲ್ಲಿ. ತಾಯಿಜೀವಿ ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಮೊಟ್ಟೆಯೊಡೆದು ಬರುವ ಮರಿ ತಾಯಿಯನ್ನು ಕಿಂಚಿತ್ತೂ ಹೋಲುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಗಾಜಿನ ಚೂರಿನಂತೆ ಪಾರದರ್ಶಕವಾಗಿ ನೀರಿನಲ್ಲಿ ತೇಲುತ್ತದೆ. ವಿಜ್ಞಾನಿಗಳು ಇದನ್ನು ಲಾರ್ವ ಎನ್ನುತ್ತಾರೆ. ಹಂಪೆ ಆನೆಗೊಂದಿಗಳ ನಡುವೆ ಓಡಾಡುವ ಹರಿಗೋಲನ್ನು ನೀವೆಲ್ಲ ಬಲ್ಲಿರಿ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಹುಟ್ಟು ಹಾಕುವವನಿಲ್ಲದಿದ್ದರೆ ಹೊಳೆ ಕೊಂಡೊಯ್ದ ಕಡೆಗೆ ಸುತ್ತುತ್ತ ಹೋಗುವುದಷ್ಟೇ ಅದರ ಗತಿ. ಲಾರ್ವವೂ ಹುಟ್ಟಿಲ್ಲದ ಹರಿಗೋಲೇ. ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದು ತೇಲುತ್ತದೆ. ತಕ್ಕ ನೆಲ ಸಿಕ್ಕಿದರೆ ಇಳಿದು ರೂಪ ಬದಲಿಸಿ ಬೇರೂರುತ್ತದೆ, ಸಿಕ್ಕದಿದ್ದರೆ ಸಾಯುತ್ತದೆ. ಆದ್ದರಿಂದ ಯಾವ ಕಡಲಿನಲ್ಲಿ ಯಾವ ಜೀವಿ ಇರಬೇಕೆಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುವುದು ನೀರಿನ ಹರಿವು.

ಹರಿವು ಸೇರಿಸುವಂತೆಯೇ ಬೇರ್ಪಡಿಸಲೂ ಬಲ್ಲದು. ಇದಕ್ಕೂ ನಮ್ಮ ತುಂಗಭದ್ರೆಯೇ ಸಾಕ್ಷಿ. ಮಳೆಗಾಲದ ಹೊಳೆಯಲ್ಲಿ ಹಂಪೆಯ ಬಳಿ ಒಂದು ಒಣ ಕೊಂಬೆಯನ್ನು ಎಸೆದರೆ ಅದು ಕಂಪ್ಲಿಯ ಕಡೆಗೆ ತಾನಾಗಿಯೇ ಸಾಗುತ್ತದೆ. ಎದುರಿಗೇ ಕಾಣುವ ಆನೆಗೊಂದಿಯ ದಡವನ್ನು ಮುಟ್ಟುವುದು ಅದಕ್ಕೆ ಬಲು ಕಷ್ಟ. ಉದ್ದಕ್ಕೆ ಹೋಗುವವರಿಗೆ ಹೊಳೆ ರಾಜಮಾರ್ಗ, ಅಡ್ಡ ದಾಟುವವರಿಗೆ ಅದೇ ಕೋಟೆ. ಈ ಎರಡು ಗುಣಗಳನ್ನೂ ಲೋಕದಲ್ಲೇ ಅತಿ ದೊಡ್ಡ ಪ್ರಮಾಣದಲ್ಲಿ ತೋರಿಸುವ ಹರಿವೊಂದು ದಕ್ಷಿಣ ಧ್ರುವಖಂಡವಾದ ಅಂಟಾರ್ಕ್ಟಿಕದ ಸುತ್ತ ಇದೆ.

ಅಂಟಾರ್ಕ್ಟಿಕದ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ಈ ಮಹಾಪ್ರವಾಹ ಎಲ್ಲಿಯೂ ನೆಲದ ಅಡ್ಡಿಯಿಲ್ಲದೆ ಭೂಮಿಯನ್ನೇ ಒಂದು ಸುತ್ತು ಹಾಕುತ್ತದೆ. ಹೀಗೆ ಪೂರ್ತಿ ಸುತ್ತುವ ಪ್ರವಾಹ ಬೇರೆ ಇಲ್ಲ. ಅದರಲ್ಲಿ ಸೆಕೆಂಡಿಗೆ ಕಡಿಮೆಯೆಂದರೂ 13 ಕೋಟಿ ಘನಮೀಟರು ನೀರು ಹರಿಯುತ್ತದೆ. ಜಗತ್ತಿನ ನದಿಗಳೆಲ್ಲ ಒಟ್ಟುಗೂಡಿದರೂ ಅದರ ನೂರರಲ್ಲಿ ಒಂದು ಪಾಲಾಗದು. ಇದು ನಮಗೆ ಅಂದಾಜಿಗೆ ಸಿಕ್ಕಬೇಕಾದರೆ ಹೀಗೆ ಲೆಕ್ಕ ಹಾಕಬಹುದು. ಹೊಸಪೇಟೆಯ ಅಣೆಕಟ್ಟಿನಿಂದ ಒಂದು ಲಕ್ಷ ಕ್ಯೂಸೆಕ್ಸ್ ನೀರು ಬಿಟ್ಟ ದಿನ ಹಂಪೆಯ ಪುರಂದರ ಮಂಟಪ ಮುಳುಗಿ ಜನ ಅದನ್ನು ನೋಡಲು ನೆರೆಯುತ್ತಾರೆ. ಅಂಥ ಪ್ರವಾಹಗಳು 45 ಸಾವಿರ ಒಟ್ಟಿಗೆ ಹರಿದರೆ ಈ ದಕ್ಷಿಣದ ಹರಿವಿಗೆ ಸಮನಾದೀತು. ತುಂಗಭದ್ರಾ ಜಲಾಶಯದಲ್ಲಿ ಈಗ ಹಿಡಿಯುವ ಸುಮಾರು 105 ಟಿ.ಎಂ.ಸಿ. ನೀರನ್ನು ಅದು ಅರ್ಧ ನಿಮಿಷದೊಳಗೆ ತುಂಬಿಬಿಡುತ್ತದೆ.

ಈ ಪ್ರವಾಹದ ಒಳಗೆ ಒಂದು ಗಡಿಗೆರೆಯುಂಟು. ಉತ್ತರದ ಸಾಧಾರಣ ತಂಪಿನ ನೀರೂ ದಕ್ಷಿಣದ ಕೊರೆಯುವ ನೀರೂ ಅಲ್ಲಿ ಎದುರುಬದುರಾಗುತ್ತವೆ. ಕೆಲವು ಹತ್ತು ಕಿಲೋಮೀಟರಿನೊಳಗೆ ನೀರಿನ ಉಷ್ಣತೆ ಎರಡು ಮೂರು ಡಿಗ್ರಿ ಇಳಿದುಬಿಡುತ್ತದೆ. ಭಾರವಾದ ತಣ್ಣೀರು ಉತ್ತರದ ನೀರಿನ ಕೆಳಗೆ ಇಳಿದು ಹೋಗುತ್ತದೆ. ಗಡಿಯ ಆಚೆ, ಧ್ರುವಖಂಡದ ಅಂಚಿಗೆ ಹೋದಂತೆ, ನೀರಿನ ಉಷ್ಣತೆ ಸೊನ್ನೆಗಿಂತಲೂ ಕೆಳಗೆ, ಸುಮಾರು ಮೈನಸ್ 1.8 ಡಿಗ್ರಿಯವರೆಗೆ ಹೋಗುತ್ತದೆ. ಉಪ್ಪುನೀರಾದ್ದರಿಂದ ಅಲ್ಲಿಯವರೆಗೂ ಅದು ಹೆಪ್ಪುಗಟ್ಟದು. ಉತ್ತರದಿಂದ ತೇಲಿಬಂದ ಲಾರ್ವವನ್ನು ಪ್ರವಾಹ ಪೂರ್ವಕ್ಕೆ ಸೆಳೆದೊಯ್ಯುತ್ತದೆ. ಹೇಗೋ ನುಸುಳಿದ್ದನ್ನು ಚಳಿ ಕೊಲ್ಲುತ್ತದೆ. ವಿಜಯನಗರದ ಅರಸರು ರಾಜಧಾನಿಯ ಸುತ್ತ ಒಂದರ ಹೊರಗೆ ಒಂದರಂತೆ ಕೋಟೆಗಳನ್ನು ಕಟ್ಟಿಸಿದರು. ಪ್ರಕೃತಿ ಅಂಟಾರ್ಕ್ಟಿಕದ ಸುತ್ತ ನೀರಿನದೊಂದು, ಚಳಿಯದೊಂದು, ಹೀಗೆ ಎರಡು ಸುತ್ತಿನ ಕೋಟೆ ಕಟ್ಟಿದೆ.

ಈ ಕೋಟೆ ಅನಾದಿಯಲ್ಲ. ಬಹು ಹಿಂದೆ ಅಂಟಾರ್ಕ್ಟಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ, ಆಫ್ರಿಕ ಹಾಗೂ ನಮ್ಮ ಭಾರತ ಒಂದೇ ಭೂಖಂಡವಾಗಿದ್ದವು. ಅದಕ್ಕೆ ಗೊಂಡ್ವಾನ ಎಂಬ ನಮ್ಮ ದೇಶದ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಪೂರ್ವಘಟ್ಟಗಳು ಅಂಟಾರ್ಕ್ಟಿಕದ ಅಂಚಿಗೆ ತಾಗಿಕೊಂಡಿದ್ದ ಕಾಲವೊಂದಿತ್ತು. ಸುಮಾರು 13 ಕೋಟಿ ವರ್ಷಗಳ ಹಿಂದೆ ಭಾರತ ಕಳಚಿಕೊಂಡು ಉತ್ತರಕ್ಕೆ ಹೊರಟಿತು. ಮುಂದೆ ಆಸ್ಟ್ರೇಲಿಯವೂ ಕೊನೆಗೆ ದಕ್ಷಿಣ ಅಮೆರಿಕವೂ ಸರಿದು ದಾರಿ ಬಿಟ್ಟ ಮೇಲೆ ನೀರು ಧ್ರುವಖಂಡವನ್ನು ಸುತ್ತತೊಡಗಿತು. ಸುಮಾರು 3 ಕೋಟಿ 40 ಲಕ್ಷ ವರ್ಷಗಳ ಹಿಂದೆ ಅಲ್ಲಿ ಹಿಮದ ಹಾಸು ದಪ್ಪವಾಗಿ ಹರಡಿತು. ಅಂದಿನಿಂದ ಆ ಕಡಲಿನ ಜೀವಿಗಳು ಹೆಚ್ಚುಕಡಿಮೆ ತಮ್ಮಷ್ಟಕ್ಕೆ ತಾವೇ ಬೆಳೆದುಬಂದಿವೆ.

ಅದರ ಫಲ ವಿಸ್ಮಯಕರವಾದದ್ದು. ಹಿಮದ ಕಡಲೆಂದರೆ ಬರಡು ಎಂದು ಊಹಿಸುವುದು ಸಹಜ. ಆದರೆ ಅಲ್ಲಿ ಈವರೆಗೆ 8 ಸಾವಿರಕ್ಕೂ ಮಿಕ್ಕಿ ಜೀವಿಜಾತಿಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಬಹುಭಾಗ ಬೆನ್ನೆಲುಬಿಲ್ಲದವು, ಅರ್ಧಕ್ಕಿಂತ ಹೆಚ್ಚಿನವು ಬೇರೆಲ್ಲಿಯೂ ಕಾಣಸಿಗದವು. ನಮ್ಮ ಉಗುರಿನಷ್ಟೂ ದೊಡ್ಡದಾಗದ ಕಡಲಜೇಡದ ಬಳಗದವು ಅಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಕಾಲು ಚಾಚುತ್ತವೆ. ಸ್ಪಂಜುಗಳು ತಳದಲ್ಲಿ ತೋಟವೆಬ್ಬಿಸಿ ನಿಂತಿವೆ. ಇದಕ್ಕೆ ಒಂದು ಕಾರಣ ಶತ್ರುಗಳ ಕೊರತೆ. ಚಿಪ್ಪನ್ನು ಒಡೆದು ತಿನ್ನುವ ಏಡಿಗಳು ಆ ಖಂಡದ ಸುತ್ತಿನ ತೆಳುನೀರಿನಲ್ಲಿ ಇಲ್ಲವೆಂದೇ ಹೇಳಬೇಕು. ಅಷ್ಟು ಚಳಿಯಲ್ಲಿ ಏಡಿಯ ರಕ್ತದೊಳಗಿನ ಮೆಗ್ನೀಸಿಯಂ ಅದರ ಕೈಕಾಲುಗಳನ್ನು ಮಂಕುಗೊಳಿಸಿಬಿಡುತ್ತದೆ. ಹಗೆಯ ಭಯವಿಲ್ಲದೆ ಬೆಳೆದ ಜೀವಿಗಳು ದಪ್ಪ ಚಿಪ್ಪು, ಗಟ್ಟಿ ಕವಚಗಳ ಗೋಜಿಗೆ ಹೋಗಿಲ್ಲ.

ಧ್ರುವದ ಜೀವಿಗಳು ಸಂತಾನವನ್ನು ಸಾಕುವ ಬಗೆಯಲ್ಲೂ ಒಂದು ವಿಶೇಷವುಂಟು. ಡೆನ್ಮಾರ್ಕಿನ ಗುನ್ನರ್ ಥಾರ್ಸನ್ ಎಂಬ ಪ್ರಾಣಿಶಾಸ್ತ್ರಜ್ಞರು 1950ರಲ್ಲಿ ಪ್ರಕಟಿಸಿದ ಬರಹದಲ್ಲಿ ಒಂದು ಸಂಗತಿಯನ್ನು ಎತ್ತಿ ತೋರಿಸಿದರು. ಉಷ್ಣವಲಯದ ಕಡಲುಗಳಲ್ಲಿ ಬಹುತೇಕ ತಳಜೀವಿಗಳು ಮರಿಗಳನ್ನು ನೀರಿಗೆ ತೇಲಿಬಿಡುತ್ತವೆ. ಧ್ರುವದ ಕಡೆಗೆ ಹೋದಂತೆಲ್ಲ ಈ ರೂಢಿ ಕಡಿಮೆಯಾಗಿ, ಮೊಟ್ಟೆಗಳನ್ನು ಮೈಮೇಲೆಯೋ ಮಡಿಲಲ್ಲಿಯೋ ಹೊತ್ತು ಕಾಯುವ ರೂಢಿ ಹೆಚ್ಚುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಅಲ್ಲಿ ಮರಿಗಳಿಗೆ ಮೇವಾಗುವ ಸೂಕ್ಷ್ಮ ಸಸ್ಯಗಳು ಬೆಳೆಯುವುದು ಬೇಸಗೆಯ ಕೆಲವೇ ವಾರ. ಚಳಿಯಲ್ಲಿ ಮರಿಯ ಬೆಳವಣಿಗೆಯೂ ನಿಧಾನ. ಆದುದರಿಂದ ನೂರು ಮರಿಗಳನ್ನು ಭಾಗ್ಯಕ್ಕೆ ಬಿಡುವುದಕ್ಕಿಂತ ಹತ್ತನ್ನು ಕಾಪಾಡುವುದು ಲೇಸು. ಕಡಲಜೇಡಗಳಲ್ಲಿ ಮೊಟ್ಟೆಯ ಉಂಡೆಗಳನ್ನು ಹೊತ್ತು ತಿರುಗುವವನು ತಂದೆ ಎಂಬುದು ಕೇಳಲು ಸೊಗಸಾದ ಸಂಗತಿ.

ಆದರೆ ಪ್ರಕೃತಿ ನಮ್ಮ ಸೂತ್ರಗಳಿಗೆ ಪೂರ್ತಿ ಒಳಪಡುವುದಿಲ್ಲ. ಮುಂದಿನ ಸಂಶೋಧಕರು ಹಿಮದ ಕೆಳಗೆ ಮುಳುಗಿ ನೋಡಿದಾಗ, ಅಂಟಾರ್ಕ್ಟಿಕದ ತೀರದಲ್ಲಿ ಅತ್ಯಂತ ಸಮೃದ್ಧವಾಗಿ ಸಿಕ್ಕುವ ನಕ್ಷತ್ರಮೀನೂ ಅರ್ಚಿನ್ನೂ ಮರಿಗಳನ್ನು ನೀರಿಗೇ ಬಿಡುತ್ತವೆಂದು ತಿಳಿಯಿತು. ಅಲ್ಲಿಯ ಒಂದು ಅರ್ಚಿನ್ನಿನ ಮರಿ ನೆಲಕ್ಕಿಳಿಯಲು ನಾಲ್ಕು ತಿಂಗಳ ಹತ್ತಿರ ಹಿಡಿಯುತ್ತದೆ. ಅಷ್ಟು ಕಾಲ ತೇಲುವ ಮರಿಯನ್ನು ಖಂಡದ ಅಂಚಿನುದ್ದಕ್ಕೆ ಪಶ್ಚಿಮಾಭಿಮುಖವಾಗಿ ಹರಿಯುವ ಇನ್ನೊಂದು ಪ್ರವಾಹ ದೂರದೂರ ಹಂಚುತ್ತದೆ. ತೇಲಿಬಿಡುವವು ಜಾತಿಯಲ್ಲಿ ಕೆಲವೇ ಇದ್ದರೂ ಸಂಖ್ಯೆಯಲ್ಲಿ ಅಪಾರ, ನಾಲ್ಕು ದಿಕ್ಕಿಗೂ ಹರಡಿದವು. ಮಡಿಲಲ್ಲಿ ಕಾಯುವವು ಜಾತಿಯಲ್ಲಿ ಅಪಾರ, ಆದರೆ ಒಂದೊಂದೂ ತನ್ನ ಮೂಲೆಯಲ್ಲಿ ಉಳಿದುಕೊಂಡದ್ದು.

ಜಾತಿಗಳ ಈ ಅಪಾರತೆಗೆ ಹಿಮಯುಗಗಳೂ ಕಾರಣವೆಂದು ಎಣಿಸುತ್ತಾರೆ. ಹಿಮದ ಹಾಸು ಮುಂದೆ ಸರಿದು ತಳವನ್ನು ಉಜ್ಜಿದಾಗಲೆಲ್ಲ ಜೀವಿಗಳು ಅಲ್ಲೊಂದು ಇಲ್ಲೊಂದು ಮರೆಯಲ್ಲಿ, ಆಳದಲ್ಲಿ ಉಳಿದುಕೊಂಡವು. ಮರಿಗಳನ್ನು ತೇಲಿಬಿಡದ ಜೀವಿಗಳಿಗೆ ಪಕ್ಕದ ಗುಂಪಿನೊಡನೆ ಸಂಪರ್ಕವೇ ಕಡಿಯಿತು. ನಂಟು ತಪ್ಪಿದ ಮನೆತನಗಳಂತೆ ಅವು ತಲೆಮಾರು ಕಳೆದಂತೆ ಬೇರೆ ಬೇರೆಯಾದವು. ಚಿಪ್ಪಿಲ್ಲದ ಒಂದು ಬಗೆಯ ಕಡಲಬಸವನಹುಳವನ್ನು ಬಹುಕಾಲ ಒಂದೇ ಜಾತಿಯೆಂದು ಎಣಿಸಿದ್ದರು. ಇತ್ತೀಚೆಗೆ ಅದರ ಅನುವಂಶಿಕ ಧಾತುವನ್ನು ಪರೀಕ್ಷಿಸಿದಾಗ ಆ ಒಂದು ಹೆಸರಿನ ಕೆಳಗೆ ಹಲವಾರು ವಂಶಗಳು ಅಡಗಿರುವುದು ಗೊತ್ತಾಯಿತು.

ಇನ್ನು ಉತ್ತರ ಧ್ರುವದ ಕಡೆಗೆ ತಿರುಗೋಣ. ಅಲ್ಲಿಯ ಕಥೆಯೇ ಬೇರೆ. ದಕ್ಷಿಣದಲ್ಲಿ ನೆಲದ ಸುತ್ತ ನೀರಾದರೆ, ಉತ್ತರದಲ್ಲಿ ನೀರಿನ ಸುತ್ತ ನೆಲ. ಆದರೆ ಆ ನೆಲಕ್ಕೆ ಎರಡು ಬಾಗಿಲುಗಳುಂಟು. ಒಂದು ಅಟ್ಲಾಂಟಿಕದ ಕಡೆಯ ಹೆಬ್ಬಾಗಿಲು, ಇನ್ನೊಂದು ಪೆಸಿಫಿಕದ ಕಡೆಯ ಬೇರಿಂಗ್ ಜಲಸಂಧಿ ಎಂಬ ಕಿರುಬಾಗಿಲು. ಈ ಕಿರುಬಾಗಿಲು ಮೊದಲು ತೆರೆದದ್ದು ಸುಮಾರು 55 ಲಕ್ಷ ವರ್ಷಗಳ ಹಿಂದೆ. ಮುಂದೆ, ಸುಮಾರು 35 ಲಕ್ಷ ವರ್ಷಗಳ ಹಿಂದೆ, ಎರಡು ಸಾಗರಗಳ ಜೀವಿಗಳು ಧ್ರುವದ ಮೇಲಾಸಿ ಒಂದರ ಮನೆಗೆ ಇನ್ನೊಂದು ನುಗ್ಗಿದವು. ಚಿಪ್ಪುಜೀವಿಗಳ ಲೆಕ್ಕ ತೆಗೆದು ನೋಡಿದಾಗ ಹತ್ತರಲ್ಲಿ ಒಂಬತ್ತರಷ್ಟು ವಲಸೆ ಪೆಸಿಫಿಕದಿಂದ ಅಟ್ಲಾಂಟಿಕಕ್ಕೆ ಆದದ್ದೆಂದು ಕಂಡುಬಂತು. ಪೆಸಿಫಿಕದ ನೀರಿನ ಮಟ್ಟ ಕೊಂಚ ಎತ್ತರ, ಆದ್ದರಿಂದ ಇಂದಿಗೂ ನೀರು ಆ ಬಾಗಿಲಿನಿಂದ ಒಳಕ್ಕೆ ಹರಿಯುತ್ತದೆ. ಇದೂ ವಲಸೆಗೆ ಒಂದು ಕಾರಣವೆನ್ನುತ್ತಾರೆ. ಯುರೋಪಿನವರು ಇಂದು ತಿನ್ನುವ ನೀಲಿ ಚಿಪ್ಪಿನ ಮಸೆಲ್, ನಮ್ಮ ನೀಲಿಕಲ್ಲಿನ ನಂಟ, ಹಾಗೆ ಪೆಸಿಫಿಕದಿಂದ ಬಂದ ವಂಶದ್ದೇ.

ಹೀಗೆ ಉತ್ತರದ ಕಡಲು ಸಂತೆಪೇಟೆ, ದಕ್ಷಿಣದ್ದು ಕೋಟೆಯೊಳಗಿನ ಊರು. ಉತ್ತರದ ಜೀವಿಗಳಲ್ಲಿ ಹೊರಗಿನಿಂದ ಬಂದವೇ ಹೆಚ್ಚು, ಅಲ್ಲಿ ಮಾತ್ರವೇ ಸಿಕ್ಕುವ ಜಾತಿಗಳು ಕಡಿಮೆ. ಈ ಸಂತೆಗೆ ಈಗಲೂ ಹೊಸಬರು ಬರುತ್ತಿದ್ದಾರೆ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ನೀಲಿ ಮಸೆಲ್ ಸುಮಾರು ಸಾವಿರ ವರ್ಷಗಳಿಂದ ಕಾಣೆಯಾಗಿತ್ತು. 2004ರಲ್ಲಿ ಅದು ಮತ್ತೆ ಅಲ್ಲಿ ಸಿಕ್ಕಿತು. ಅಟ್ಲಾಂಟಿಕದ ಬಿಸಿನೀರಿನ ಹರಿವು ಬಲವಾಗಿ ಒಳನುಗ್ಗಿದ ವರ್ಷದಲ್ಲಿ ನಾರ್ವೆಯ ಕರಾವಳಿಯಿಂದ ಅದರ ಮರಿಗಳು ತೇಲಿಬಂದಿದ್ದವು. ಆ ದ್ವೀಪದಲ್ಲೇ 2008ರಲ್ಲಿ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ತೆರೆಯಿತು. 2014ರಲ್ಲಿ ನಮ್ಮ ವಿಜ್ಞಾನಿಗಳು ಅಲ್ಲಿಯ ಕಡಲಚಾಚಿನಲ್ಲಿ ನೀರಿನ ಬಿಸಿ, ಉಪ್ಪು, ಹರಿವುಗಳನ್ನು ಅಳೆಯುವ ಉಪಕರಣಗಳನ್ನು ಮುಳುಗಿಸಿಟ್ಟರು. ಬೆಚ್ಚನೆಯ ನೀರು ಬಂದರೆ ಯಾವ ಮರಿ ಬಂದೀತು ಎಂಬುದನ್ನು ತಿಳಿಯಲು ಇಂಥ ಅಳತೆಯೇ ಆಧಾರ.

ದಕ್ಷಿಣದ ಕೋಟೆಯಾದರೂ ಭದ್ರವಾಗಿದೆಯೆ? 2017ರಲ್ಲಿ ಅಂಟಾರ್ಕ್ಟಿಕದ ಪಕ್ಕದ ಕಿಂಗ್ ಜಾರ್ಜ್ ದ್ವೀಪದ ಮರಳಿನಲ್ಲಿ ಉತ್ತರದ ದ್ವೀಪಗಳ ಕಡಲಕಳೆ ಸಿಕ್ಕಿತು. ಅದರಲ್ಲೊಂದು 20 ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ತೇಲಿಬಂದದ್ದೆಂದು ಲೆಕ್ಕ ಹಾಕಿದರು. ಬಿರುಗಾಳಿಯ ಅಲೆಗಳು ಅದನ್ನು ಗಡಿ ದಾಟಿಸಿದ್ದವು. ಇಂಥ ಕಳೆಯ ಬುಡದಲ್ಲಿ ಸಣ್ಣ ಜೀವಿಗಳು ಸಂಸಾರಸಮೇತ ಕುಳಿತಿರುತ್ತವೆ. ಮರಿಗಳನ್ನು ಮಡಿಲಲ್ಲಿ ಕಾಯುವ ಜೀವಿಗೆ ಇದು ವರವೇ. ತೇಲಿ ಹೋದ ಕಡೆ ಒಂದು ತಾಯಿ ಇಳಿದರೂ ವಂಶ ನಿಲ್ಲುತ್ತದೆ. ಅಂದಮೇಲೆ ನೀರಿನ ಕೋಟೆಗೆ ಮೊದಲಿನಿಂದಲೂ ಕಿಂಡಿಗಳಿದ್ದವು. ಬಂದವರನ್ನು ಹೊರಗಿಟ್ಟದ್ದು ಒಳಸುತ್ತಿನ ಚಳಿ. ಈಗ ಆ ಚಳಿಯೇ ಸಡಿಲುತ್ತಿದೆ. ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪಶ್ಚಿಮದ ಕಡಲು ಬಿಸಿಯಾಗುತ್ತಿದೆ. ಅಲ್ಲಿಯ ಆಳದ ನೀರಿನಲ್ಲಿ ರಾಜಏಡಿಗಳನ್ನು ಸಂಶೋಧಕರು ಕಂಡಿದ್ದಾರೆ. ಅವು ತೆಳುನೀರಿಗೆ ಏರಿದರೆ, ಕವಚವಿಲ್ಲದೆ ಕೋಟಿಗಟ್ಟಲೆ ವರ್ಷ ಬಾಳಿದ ಜೀವಿಗಳ ಗತಿಯೇನು?

ಇದರ ಜೊತೆಗೆ ಮನುಷ್ಯ ಹರಿವಿನ ಹಂಗಿಲ್ಲದ ಹೊಸ ಹರಿಗೋಲೊಂದನ್ನು ಒದಗಿಸಿದ್ದಾನೆ. ಅದೇ ಹಡಗು. ಮೊದಲೇ ಹೇಳಿದ ಎರಡನೆಯ ಉತ್ತರ ಇಲ್ಲಿದೆ. ಸಂಡೂರು ಹೊಸಪೇಟೆಗಳ ಅದಿರು ದಶಕಗಳ ಕಾಲ ರೈಲಿನಲ್ಲಿ ಮದರಾಸು, ಮರ್ಮಗೋವೆ ಮುಂತಾದ ರೇವುಗಳಿಗೆ ಹೋಗಿ ಅಲ್ಲಿಂದ ಜಪಾನು ಮೊದಲಾದ ದೇಶಗಳಿಗೆ ಸಾಗುತ್ತಿತ್ತು. 2010ರಲ್ಲಿ ರಾಜ್ಯ ಸರ್ಕಾರ ರಫ್ತನ್ನು ತಡೆಯಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಅನುಮತಿ ಕೊಟ್ಟಿತು. ಅದಿರನ್ನು ಇಳಿಸಿದ ಹಡಗು ಬರಿದಾಗಿ ಮರಳುವಾಗ ತೂಕ ತಪ್ಪಿ ಹೊಯ್ದಾಡಬಾರದೆಂದು ತೊಟ್ಟಿಗಳಲ್ಲಿ ಆ ರೇವಿನ ನೀರನ್ನು ತುಂಬಿಕೊಳ್ಳುತ್ತದೆ. ಇಲ್ಲಿಗೆ ಬಂದು ಅದಿರು ತುಂಬುವಾಗ ಆ ನೀರನ್ನು ಚೆಲ್ಲುತ್ತದೆ. ನೀರಿನೊಡನೆ ಅಲ್ಲಿಯ ಲಾರ್ವಗಳೂ ಇಳಿಯುತ್ತವೆ. ಹಡಗಿನ ಹೊರಮೈಗೆ ಅಂಟಿಕೊಂಡು ಬರುವವು ಬೇರೆ. ಅಮೆರಿಕದ ಉಷ್ಣವಲಯದ ಒಂದು ಕಿರುಮಸೆಲ್ 1967ರಲ್ಲಿ ನಮ್ಮ ವಿಶಾಖಪಟ್ಟಣದ ಬಂದರಿನಲ್ಲಿ ಕಾಣಿಸಿಕೊಂಡದ್ದು ಹಡಗುಗಳ ಮೂಲಕವೇ. ಇಂಥ ಮಸೆಲ್ ಗುಂಪುಗೂಡಿ ಬೆಳೆದು ಕೊಳವೆಗಳನ್ನು ಕಟ್ಟುತ್ತದೆ, ಹಡಗಿನ ತಳಕ್ಕೆ ಪದರಗಟ್ಟುತ್ತದೆ, ಸ್ಥಳದ ಜೀವಿಗಳ ಜಾಗವನ್ನು ಕಸಿಯುತ್ತದೆ.

ಇದೇ ಅಪಾಯ ಈಗ ಅಂಟಾರ್ಕ್ಟಿಕಕ್ಕೂ ಮುಟ್ಟಿದೆ. ಸಂಶೋಧನೆ, ಮೀನುಗಾರಿಕೆ, ಪ್ರವಾಸಗಳಿಗಾಗಿ ಅಲ್ಲಿಗೆ ಹೋಗುವ ಹಡಗುಗಳು ಜಗತ್ತಿನ ಸಾವಿರದೈನೂರಕ್ಕೂ ಹೆಚ್ಚು ರೇವುಗಳ ಸಂಪರ್ಕ ಉಳ್ಳವು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. 2019ರಲ್ಲಿ ಕಿಂಗ್ ಜಾರ್ಜ್ ದ್ವೀಪದ ಕೊಲ್ಲಿಯೊಂದರಲ್ಲಿ ಹೊರಗಿನ ಮಸೆಲ್ ಮರಿಗಳು ಜೀವಂತವಾಗಿ ಸಿಕ್ಕಿದವು. ಅವು ಅಲ್ಲಿ ಬೇರೂರಿದವೆಂದು ಹೇಳುವಂತಿಲ್ಲ. ಆದರೆ ಬಾಗಿಲು ತಟ್ಟಿದ್ದು ನಿಜ.

ಇದನ್ನು ತಡೆಯಲು ದೇಶಗಳು ಸುಮ್ಮನೆ ಕುಳಿತಿಲ್ಲ. ಅಂಟಾರ್ಕ್ಟಿಕಕ್ಕೆ ಹೊರಗಿನ ಜೀವಿಗಳನ್ನು ಪರವಾನಗಿಯಿಲ್ಲದೆ ಒಯ್ಯಬಾರದೆಂದು 1991ರ ಮ್ಯಾಡ್ರಿಡ್ ಒಪ್ಪಂದ ವಿಧಿಸಿತು. ಹಡಗಿನ ತೊಟ್ಟಿನೀರನ್ನು ಶುದ್ಧಪಡಿಸದೆ ಎಲ್ಲೆಂದರಲ್ಲಿ ಚೆಲ್ಲಬಾರದೆಂಬ ಅಂತರರಾಷ್ಟ್ರೀಯ ಕರಾರು 2017ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿತು. ನಮ್ಮ ಸಂಸತ್ತು 2022ರಲ್ಲಿ ಭಾರತೀಯ ಅಂಟಾರ್ಕ್ಟಿಕ ಕಾಯಿದೆಯನ್ನು ಮಾಡಿತು. ಈ ವಿಷಯದಲ್ಲಿ ಮಾತನಾಡುವ ಹಕ್ಕು ನಮಗೆ ಬಂದದ್ದು ಶ್ರಮದಿಂದ. ಸಮುದ್ರಜೀವಿಗಳ ವಿಜ್ಞಾನಿಯೇ ಆಗಿದ್ದ ಡಾ. ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ ಮೊದಲ ಭಾರತೀಯ ತಂಡ 1981ರ ಡಿಸೆಂಬರಿನಲ್ಲಿ ಗೋವೆಯಿಂದ ಹೊರಟು, 1982ರ ಜನವರಿಯಲ್ಲಿ ಹಿಮಖಂಡದ ಮೇಲೆ ಕಾಲಿಟ್ಟಿತು. 1989ರಲ್ಲಿ ಮೈತ್ರಿ, 2012ರಲ್ಲಿ ಭಾರತಿ ಎಂಬ ಕೇಂದ್ರಗಳು ಅಲ್ಲಿ ನೆಲೆಗೊಂಡವು.

ಕಾಯಿದೆಯ ಕೆಲಸ ಕಾಯಿದೆಯದು. ಅದರ ಹಿಂದೆ ಜನರ ತಿಳಿವಳಿಕೆ ಇದ್ದರೆ ಮಾತ್ರ ಅದಕ್ಕೆ ಬಲ. ದೂರದ ಕಡಲಿನ ಒಂದು ಜೇಡ, ಒಂದು ನಕ್ಷತ್ರಮೀನು ಇಲ್ಲವಾದರೆ ನಮ್ಮ ಅನ್ನಕ್ಕೆ ಇಂದೇ ಕೊರತೆ ಬಾರದು. ಆದರೆ ಮೂರು ಕೋಟಿ ವರ್ಷಗಳಲ್ಲಿ ರೂಪುಗೊಂಡ ಜೀವವೊಂದನ್ನು ಒಂದು ಸಲ ಕಳೆದುಕೊಂಡರೆ ಮತ್ತೆ ತರುವ ಉಪಾಯ ಯಾರ ಕೈಯಲ್ಲೂ ಇಲ್ಲ. ಎಲ್ಲ ಕಡಲುಗಳಲ್ಲೂ ಅದೇ ನಾಲ್ಕು ಗಟ್ಟಿಗ ಜೀವಿಗಳು ತುಂಬಿಕೊಂಡು, ಊರೂರಿನ ಭೇದವೇ ಅಳಿದುಹೋದರೆ ಲೋಕ ಅಷ್ಟರಮಟ್ಟಿಗೆ ಬಡವಾಗುತ್ತದೆ. ಅದಿರು ತುಂಬಿದ ಗಾಡಿಗಳು ನಮ್ಮ ಊರ ಮಗ್ಗುಲಿನಿಂದ ರೇವಿನ ಕಡೆಗೆ ಹೋಗುವಾಗ, ಅವು ಮುಟ್ಟುವ ಹಡಗು ಹಿಂದಿರುಗಿ ಬರುವಾಗ ಏನನ್ನು ತರುತ್ತದೆ ಎಂದು ಕೇಳುವ ಅಧಿಕಾರವೂ ಹೊಣೆಯೂ ನಮಗುಂಟು.